ಓದಲು ಕುಳಿತರೆ ಬೆಕ್ಕು ಪುಟದ ಮೇಲೆಯೇ ಮಲಗುತ್ತದೆ: ಬಾಗಿಲು ಹಾಕಲೇ, ಬೇಡವೇ?

ನವಿಲುಗರಿ (ಶನಿವಾರ, ರಾತ್ರಿ 11:20)

ಎಲ್ಲರಿಗೂ ನಮಸ್ಕಾರ. ರಾತ್ರಿ 9:30ರಿಂದ 11ರವರೆಗೆ ನನ್ನ ಓದಿನ ಹೊತ್ತು. ಹಗಲೆಲ್ಲ ಕಚೇರಿಗೆ, ಮನೆಗೆ ಸಂದುಹೋಗುತ್ತದೆ; ಈ ಒಂದೂವರೆ ಗಂಟೆ ಮಾತ್ರ ನನ್ನದು. ಹತ್ತು ವರ್ಷಗಳಿಂದ ಈ ಹೊತ್ತಿನಲ್ಲಿ ನನ್ನ ಜೊತೆಗಿರುವವಳು ಚುಕ್ಕಿ. ಬೂದುಬಣ್ಣದ ಬೆಕ್ಕು, ಈಗ 11 ವರ್ಷ. ನಾನು ಮೇಜಿನ ಮುಂದೆ, ಅವಳು ಪುಸ್ತಕದ ಕಪಾಟಿನ ನೆತ್ತಿಯ ಮೇಲೆ. ಒಬ್ಬರಿಗೊಬ್ಬರು ತೊಂದರೆ ಕೊಡುತ್ತಿರಲಿಲ್ಲ.

ಎರಡು ತಿಂಗಳಿಂದ ಎಲ್ಲ ಬದಲಾಗಿದೆ. ನಾನು ಕುಳಿತ ಐದೇ ನಿಮಿಷಕ್ಕೆ ಬಂದು ತೆರೆದ ಪುಟದ ಮೇಲೆ ಕಾಲು ಮಡಚಿ ಕೂರುತ್ತಾಳೆ. ಎತ್ತಿ ಪಕ್ಕಕ್ಕಿಟ್ಟರೆ ಮತ್ತೆ ಅಲ್ಲಿಗೇ. ಮೊನ್ನೆ ನಾನು ಹಾಳೆ ಮಗುಚುವಾಗ ಪಂಜ ಬೀಸಿದಳು, ಕೆಳಗಿನ ಮೂಲೆ ಹರಿದುಹೋಯಿತು. ಬೇರೆ ಯಾವುದೋ ಪುಸ್ತಕವಾಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಅದು ಅಪ್ಪನ ಪುಸ್ತಕ. ಅಪ್ಪ ಪೆನ್ಸಿಲ್ ಹಿಡಿದೇ ಓದುತ್ತಿದ್ದರು, ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಆ ಪುಟದ ಕೊನೆಯಲ್ಲಿ ಈಗ ಉಳಿದಿರುವುದು "ಒಪ್ಪಲಾರೆ. ಆದರೂ" ಎಂಬಷ್ಟೇ. ಮುಂದಿನ ಮಾತು ಹರಿದ ತುಣುಕಿನಲ್ಲಿತ್ತು. ನಾನು ಅದನ್ನು ಇನ್ನೂ ಓದಿರಲಿಲ್ಲ. ನೆಲವೆಲ್ಲ ಹುಡುಕಿದೆ, ಸಿಗಲಿಲ್ಲ.

ಬಾಗಿಲು ಹಾಕಿಕೊಂಡು ಓದು ಎನ್ನುತ್ತಾರೆ ಮನೆಯವರು. ಎರಡು ರಾತ್ರಿ ಹಾಗೆಯೇ ಮಾಡಿದೆ. ಮೊದಲ ರಾತ್ರಿ ಅವಳು ಕೂಗಿದಳು. ಎರಡನೇ ರಾತ್ರಿ ಕೂಗಲಿಲ್ಲ. ಬಾಗಿಲ ಕೆಳಗಿನ ಸಂದಿನಲ್ಲಿ ಎರಡು ಮುಂಗಾಲುಗಳ ನೆರಳು ಮಾತ್ರ 11ರವರೆಗೂ ಅಲುಗದೆ ನಿಂತಿತ್ತು. ನನಗೆ ಒಂದು ಸಾಲೂ ತಲೆಗೆ ಹತ್ತಲಿಲ್ಲ.

ಏನು ಮಾಡಲಿ?

ಮೂರನೇಮಹಡಿ (ಶನಿವಾರ, 11:34)

ಬಾಗಿಲು ಹಾಕಿ. ಒಂದು ವಾರ ಕಷ್ಟ, ಆಮೇಲೆ ಇಬ್ಬರಿಗೂ ಅಭ್ಯಾಸವಾಗುತ್ತದೆ. ಆ ಪುಸ್ತಕ ಇನ್ನೊಂದು ಸಿಗುವುದಿಲ್ಲ ಎಂದು ನೀವೇ ಹೇಳುತ್ತಿದ್ದೀರಿ.

ಹಾಳೆಮರೆ (ಶನಿವಾರ, 11:41)

ಮೂರನೇಮಹಡಿ ಅವರೇ, ಬೆಕ್ಕೂ ಇನ್ನೊಂದು ಸಿಗುವುದಿಲ್ಲ.

ನವಿಲುಗರಿ ಅವರೇ, ನಮ್ಮ ಮನೆಯಲ್ಲೂ ಇದೇ ಕಥೆ. ಪುಸ್ತಕ ತೆರೆದು ಬಿಟ್ಟು ಎದ್ದು ಹೋದರೆ ನಮ್ಮ ಬೆಕ್ಕು ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ನಾನು ಕುಳಿತು ಕಣ್ಣು ಹಾಯಿಸಿದ ಕೂಡಲೇ ಹಾಜರು. ನಮ್ಮ ನೋಟ ಎಲ್ಲಿ ಬೀಳುತ್ತದೆಯೋ ಅಲ್ಲಿ ತಾನಿರಬೇಕು, ಅಷ್ಟೇ ಅದರ ಲೆಕ್ಕ. ನಾನು ಕಂಡುಕೊಂಡ ಉಪಾಯ ಇದು: ಎರಡು ಪುಸ್ತಕ ತೆರೆಯುತ್ತೇನೆ. ದೊಡ್ಡ ಹಳೆಯ ನಕ್ಷೆ ಪುಸ್ತಕವನ್ನು ದೀಪದ ಕೆಳಗೆ ಹರಡಿ ಎರಡು ನಿಮಿಷ ಅದನ್ನೇ ದಿಟ್ಟಿಸುತ್ತೇನೆ. ಬೆಕ್ಕು ಬಂದು ಅದರ ಮೇಲೆ ನೆಲೆಸಿದ ಮೇಲೆ ನನ್ನ ಪುಸ್ತಕ ತೆಗೆಯುತ್ತೇನೆ. ನಾಲ್ಕು ವರ್ಷಗಳಿಂದ ನಡೆಯುತ್ತಿದೆ. ಆ ನಕ್ಷೆ ಪುಸ್ತಕದ ಪೆಸಿಫಿಕ್ ಸಾಗರದ ಮೇಲೆ ಈಗ ಒಂದು ತಗ್ಗೇ ಬಿದ್ದಿದೆ.

ರಟ್ಟುದಾರ (ಶನಿವಾರ, 11:58)

ಮೂವತ್ತು ವರ್ಷ ಪುಸ್ತಕ ಕಟ್ಟಿದ ಕೈ ನನ್ನದು. ಬೆಕ್ಕಿನ ವಿಷಯ ಬಲ್ಲವರು ಹೇಳಲಿ, ಪುಸ್ತಕದ ಮಾತು ನಾನು ಹೇಳುತ್ತೇನೆ. ಮೊದಲನೆಯದು, ಸೆಲ್ಲೋ ಟೇಪ್ ಅಂಟಿಸಬೇಡಿ. ಇವತ್ತು ಚೆನ್ನಾಗಿ ಕಾಣುತ್ತದೆ. ಕೆಲವು ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಟೇಪು ತಾನಾಗಿ ಉದುರಿದರೂ ಕಲೆ ಹೋಗುವುದಿಲ್ಲ. ಪೆನ್ಸಿಲ್ ಬರಹದ ಮೇಲಂತೂ ಬೇಡವೇ ಬೇಡ, ಟೇಪು ಕೀಳುವಾಗ ಅಕ್ಷರವೂ ಅದರ ಜೊತೆ ಬರುತ್ತದೆ.

ತುಣುಕಿಗಾಗಿ ಇನ್ನೊಮ್ಮೆ ಹುಡುಕಿ. ಹಗುರ ಕಾಗದ, ಗಾಳಿಗೆ ಜಾರಿ ಕಪಾಟಿನ ಅಡಿಗೆ ಸೇರಿರುತ್ತದೆ. ಸಿಕ್ಕರೆ ನೇರಮಾಡಲು ಉಜ್ಜಬೇಡಿ, ಲಕೋಟೆಯಲ್ಲಿಟ್ಟು ಇಲ್ಲಿ ತಿಳಿಸಿ.

ಓದುಗೂಡು (ಭಾನುವಾರ, ಬೆಳಿಗ್ಗೆ 7:10)

ಇದಕ್ಕೆಲ್ಲ ಒಂದೇ ಪರಿಹಾರ, ಇ-ರೀಡರ್. ಹರಿಯುವುದಿಲ್ಲ, ಒಂದೇ ಕೈಯಲ್ಲಿ ಹಿಡಿಯಬಹುದು, ಇನ್ನೊಂದು ಕೈ ಬೆಕ್ಕಿನ ತಲೆಯ ಮೇಲೆ.

ಹಾಳೆಮರೆ (ಭಾನುವಾರ, 7:22)

ಅದರ ತೆರೆಗೆ ಬೆಕ್ಕಿನ ಪಾದವೂ ಒಂದೇ, ನಮ್ಮ ಬೆರಳೂ ಒಂದೇ. ನನ್ನದನ್ನು ಮಂಚದ ಮೇಲಿಟ್ಟು ಹೋಗಿದ್ದೆ, ಬಂದು ನೋಡಿದರೆ ಬೆಕ್ಕು 140 ಪುಟ ಮುಂದಕ್ಕೆ ಹೋಗಿತ್ತು. ಪತ್ತೇದಾರಿ ಕಾದಂಬರಿ ಅದು. ಕೊಂದವರು ಯಾರೆಂದು ಆ ಪುಟದಲ್ಲೇ ಇತ್ತು.

ಹಳೆಹೊನ್ನು (ಭಾನುವಾರ, 7:40)

ಓದುಗೂಡು ಅವರೇ, ಅವರು ಕೇಳಿದ್ದು ತಂದೆಯ ಕೈಬರಹವಿರುವ ಪುಸ್ತಕದ ಬಗ್ಗೆ. ಅದನ್ನು ಯಾವ ಯಂತ್ರದಲ್ಲಿ ಓದಬೇಕು?

ಓದುಗೂಡು (ಭಾನುವಾರ, 7:46)

ಒಪ್ಪಿದೆ, ಅವಸರದಲ್ಲಿ ಬರೆದೆ. ಆದರೆ ಆ ಪುಟಗಳನ್ನೆಲ್ಲ ಫೋಟೊ ತೆಗೆದು ಇಟ್ಟುಕೊಳ್ಳುವುದು ಒಳ್ಳೆಯದಲ್ಲವೇ? ಪೆನ್ಸಿಲ್ ಬರಹ ಪುಟ ಉಜ್ಜಿ ಉಜ್ಜಿ ಮಾಸುತ್ತದೆ. ಕಿಟಕಿಯ ಬಳಿ, ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟು ತೆಗೆದರೆ ಮಾಸಿದ ಗೆರೆಯೂ ಎದ್ದು ಕಾಣುತ್ತದೆ.

ರಟ್ಟುದಾರ (ಭಾನುವಾರ, 8:05)

ಇದು ಚಿನ್ನದಂಥ ಸಲಹೆ. ಇವತ್ತೇ ಮಾಡಿ ತಂಗಿ.

ಗ್ರಂಥಪಾಲಕಿ (ಭಾನುವಾರ, 9:15)

ನವಿಲುಗರಿ ಅವರೇ, ನಿಮ್ಮ ಸಂಕಟ ಆರುನೂರು ವರ್ಷ ಹಳೆಯದು. ಕ್ರೊಯೇಷಿಯಾದ ಡುಬ್ರೊವ್ನಿಕ್ ನಗರದ ದಾಖಲೆ ಸಂಗ್ರಹದಲ್ಲಿ 15ನೇ ಶತಮಾನದ ಒಂದು ಕೈಬರಹದ ಪುಸ್ತಕವಿದೆ. ಬರೆಯುತ್ತಿದ್ದವನ ಮಸಿಯಲ್ಲಿ ಕಾಲಿಟ್ಟ ಬೆಕ್ಕು ತೆರೆದ ಪುಟಗಳ ಮೇಲೆ ನಡೆದುಹೋಗಿದೆ. ನಾಲ್ಕು ಹೆಜ್ಜೆ, ಬೆರಳು ಬೆರಳು ಎಣಿಸುವಷ್ಟು ಸ್ಪಷ್ಟ. ನೆದರ್ಲೆಂಡ್ಸ್‌ನ ಡೆವೆಂಟರ್‌ನಲ್ಲಿ ಸುಮಾರು 1420ರಲ್ಲಿ ಒಬ್ಬ ಬರಹಗಾರ ತೆರೆದಿಟ್ಟ ಹಸ್ತಪ್ರತಿಯ ಮೇಲೆ ರಾತ್ರಿ ಬೆಕ್ಕು ಮೂತ್ರ ಮಾಡಿತ್ತು. ಅವನು ಆ ಜಾಗವನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಬೆಕ್ಕಿನ ಚಿತ್ರ ಬರೆದು, ಕಲೆಯತ್ತ ಬೆರಳು ತೋರುವ ಕೈಗಳನ್ನೂ ಬರೆದು, ಅದನ್ನು ಶಪಿಸಿ, ರಾತ್ರಿ ಪುಸ್ತಕ ತೆರೆದಿಡಬೇಡಿ ಎಂದು ಮುಂದಿನವರಿಗೆ ಎಚ್ಚರಿಕೆ ಕೊಟ್ಟಿದ್ದಾನೆ.

ಇಷ್ಟಾದರೂ ಓದುವ ಮನೆಯಿಂದ ಬೆಕ್ಕನ್ನು ಯಾರೂ ಹೊರಹಾಕಲಿಲ್ಲ, ಇಲಿಗಳ ಕಾಟ ಅದಕ್ಕಿಂತ ಹೆಚ್ಚು. ಅಮೆರಿಕದ ಅಯೋವ ರಾಜ್ಯದ ಸ್ಪೆನ್ಸರ್ ಎಂಬ ಊರಿನ ಗ್ರಂಥಾಲಯದಲ್ಲಿ 1988ರ ಜನವರಿಯ ಕೊರೆಯುವ ಚಳಿಯಲ್ಲಿ, ಪುಸ್ತಕ ಹಿಂದಿರುಗಿಸುವ ಪೆಟ್ಟಿಗೆಯೊಳಗೆ ಒಂದು ಮರಿ ಸಿಕ್ಕಿತು. ಡ್ಯೂಯಿ ಎಂದು ಹೆಸರಿಟ್ಟರು. 2006ರಲ್ಲಿ ಸಾಯುವವರೆಗೂ ಅದು ಆ ಗ್ರಂಥಾಲಯದಲ್ಲೇ ಇತ್ತು.

ಮೂರನೇಮಹಡಿ (ಭಾನುವಾರ, 9:31)

ಹಾಗಾದರೆ ಬಾವಲಿಗಳನ್ನೂ ಸಾಕಬೇಕು ಎನ್ನುತ್ತೀರಾ?

ಗ್ರಂಥಪಾಲಕಿ (ಭಾನುವಾರ, 9:44)

ಸಾಕಿದ್ದಾರೆ! ಪೋರ್ಚುಗಲ್‌ನ ಕೋಯಿಂಬ್ರಾ ವಿಶ್ವವಿದ್ಯಾಲಯದ 18ನೇ ಶತಮಾನದ ಗ್ರಂಥಾಲಯದಲ್ಲಿ ಬಾವಲಿಗಳ ಒಂದು ಗುಂಪೇ ವಾಸವಾಗಿದೆ. ರಾತ್ರಿ ಹಾರಾಡಿ ಪುಸ್ತಕ ತಿನ್ನುವ ಕೀಟಗಳನ್ನು ಹಿಡಿಯುತ್ತವೆ. ಹಿಕ್ಕೆ ಬೀಳದಂತೆ ಸಿಬ್ಬಂದಿ ಪ್ರತಿ ಸಂಜೆ ಮೇಜುಗಳ ಮೇಲೆ ಚರ್ಮದ ಹೊದಿಕೆ ಹಾಸುತ್ತಾರೆ, ಬೆಳಿಗ್ಗೆ ತೆಗೆದು ಗುಡಿಸುತ್ತಾರೆ.

ಹಸಿರುಕೊಕ್ಕು (ಭಾನುವಾರ, 10:20)

ಬೆಕ್ಕಿನವರು ಪುಣ್ಯವಂತರು. ನನ್ನದು ಗಿಳಿ. ಕಾಗದ ಸೀಳುವುದು ಅದಕ್ಕೆ ಹುಟ್ಟುಗುಣ, ಕೊಕ್ಕಿಗೆ ಸದಾ ಕೆಲಸ ಬೇಕು. ಬೈದು ಪ್ರಯೋಜನವಿಲ್ಲವೆಂದು ಅರಿತು, ನಾನು ಓದಲು ಕೂರುವಾಗ ಅದಕ್ಕೂ ಅದರ ಪಾಲಿನ ರದ್ದಿ ಕಾಗದ ಕೊಡುತ್ತೇನೆ. ಈಗ ನಾನು ಹಾಳೆ ಮಗುಚಿದರೆ "ಸರ್ರ್" ಎಂದು ಅದೇ ಸದ್ದನ್ನು ಹೊರಡಿಸುತ್ತದೆ. ನಾನು ತುಂಬ ಹೊತ್ತು ಒಂದೇ ಪುಟದಲ್ಲಿ ನಿಂತರೆ ತಾನೇ "ಸರ್ರ್" ಎಂದು ನೆನಪಿಸುತ್ತದೆ.

ದೊಡ್ಡಕಿವಿ (ಭಾನುವಾರ, 11:02)

ನಾಯಿಯ ಮನೆಯಿಂದ ಒಂದು ಮಾತು. ಮರಿಗೆ ಮೂರರಿಂದ ಆರು ತಿಂಗಳಾಗುವ ಹೊತ್ತಿಗೆ 28 ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ. ಆ ಕಾಲದಲ್ಲಿ ಕೆಳಗಿನ ಎರಡು ಸಾಲು ಪುಸ್ತಕಗಳನ್ನು ಮೇಲಕ್ಕೆ ಏರಿಸಿಬಿಡಿ. ನಾನು ಏರಿಸಲಿಲ್ಲ, ಒಂದು ನಿಘಂಟಿನ ಬೆನ್ನು ಪೂರ್ತಿ ಹೋಯಿತು. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಅವರ ನಾಯಿಮರಿ 1936ರಲ್ಲಿ ಅವರ ಹಸ್ತಪ್ರತಿಯ ಅರ್ಧದಷ್ಟನ್ನು ಚೂರು ಮಾಡಿತ್ತು, ಎರಡು ತಿಂಗಳ ಕೆಲಸ ಅದು, ಬೇರೆ ಪ್ರತಿಯೂ ಇರಲಿಲ್ಲ. ಆದರೂ ಅವರು ಮರಿಯ ಮೇಲೆ ಹೆಚ್ಚು ಸಿಟ್ಟಾಗಲಿಲ್ಲ. ನಿಘಂಟಿನ ಮುಂದೆ ಕುಳಿತಾಗ ನಾನು ಅದನ್ನೇ ನೆನೆದುಕೊಂಡೆ.

ಈಗ ಅದಕ್ಕೆ ಆರು ವರ್ಷ. ನಾನು ಗಟ್ಟಿಯಾಗಿ ಓದುತ್ತೇನೆ, ಅದು ನನ್ನ ಪಾದದ ಮೇಲೆ ಗಲ್ಲ ಇಟ್ಟು ಕೇಳುತ್ತದೆ. ನನ್ನ ಮಗನಿಗೆ ಓದುವಾಗ ತಡವರಿಸುವ ತೊಂದರೆ ಇತ್ತು. ತರಗತಿಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ನಾಯಿಯ ಮುಂದೆ ದಿನಕ್ಕೆ ಹತ್ತು ನಿಮಿಷ ಓದಲು ಶುರು ಮಾಡಿದ. ಅದು ತಿದ್ದುವುದಿಲ್ಲ, ನಗುವುದಿಲ್ಲ, ಗಡಿಯಾರ ನೋಡುವುದಿಲ್ಲ. 1999ರಲ್ಲೇ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಇದನ್ನೊಂದು ಕಾರ್ಯಕ್ರಮವಾಗಿ ಆರಂಭಿಸಿದರು, ತರಬೇತಾದ ನಾಯಿಗಳನ್ನು ಗ್ರಂಥಾಲಯಕ್ಕೆ ಕರೆತಂದು ಮಕ್ಕಳಿಂದ ಓದಿಸುತ್ತಾರೆ ಎಂದು ಆಮೇಲೆ ತಿಳಿಯಿತು. ನಮಗೆ ಅದು ಗೊತ್ತಿರಲಿಲ್ಲ, ಹುಡುಗ ತಾನೇ ದಾರಿ ಕಂಡುಕೊಂಡಿದ್ದ.

ಮೌನಿ (ಭಾನುವಾರ, 11:30)

ಭಾವನೆಯಲ್ಲಿ ತೇಲಬೇಡಿ. ಬೆಕ್ಕಿನ ಮೈ ಬಿಸಿ 38–39 ಡಿಗ್ರಿ. ಸುತ್ತಲಿನ ಗಾಳಿ 30 ಡಿಗ್ರಿಗಿಂತ ಕೆಳಗಿಳಿದರೆ ಆ ಬಿಸಿ ಉಳಿಸಿಕೊಳ್ಳಲು ಅದರ ದೇಹ ಹೆಚ್ಚು ದುಡಿಯಬೇಕು. ಕಾಗದ ತಣ್ಣಗಿನ ಮೇಜಿಗಿಂತ ಬೆಚ್ಚಗೆ, ಮೇಲೆ ದೀಪ, ಪಕ್ಕದಲ್ಲಿ ಮನುಷ್ಯ. ಬಂದು ಮಲಗುತ್ತದೆ. ಇದರಲ್ಲಿ ಓದಿನ ಸಹವಾಸವೂ ಇಲ್ಲ, ಮಣ್ಣೂ ಇಲ್ಲ.

ಹಳೆಹೊನ್ನು (ಭಾನುವಾರ, 11:37)

ಬೆಚ್ಚಗೆ ಬೇಕೆನಿಸಿದಾಗ ನನ್ನ ಬಳಿಗೆ ಬಂದರೆ ಅದೇನು ಕಡಿಮೆಯೇ? ನಾವು ಮನುಷ್ಯರು ಮತ್ತೇಕೆ ಒಬ್ಬರ ಬಳಿ ಇನ್ನೊಬ್ಬರು ಹೋಗುತ್ತೇವೆ?

ಮೌನಿ (ಭಾನುವಾರ, 11:52)

ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮನೆಯಲ್ಲಿ ಎರಡು ಬೆಕ್ಕುಗಳಿವೆ ಎಂದೂ ಹೇಳಿಬಿಡುತ್ತೇನೆ.

ರಾತ್ರಿಪಾಳಿ (ಭಾನುವಾರ, ಮಧ್ಯಾಹ್ನ 2:15)

ನಾನು ವೃತ್ತಿಯಿಂದ ಪಶುವೈದ್ಯೆ. ಇಲ್ಲಿ ಎಲ್ಲರೂ ಚುಕ್ಕಿ ಪುಸ್ತಕದ ಮೇಲೆ ಏಕೆ ಕೂರುತ್ತಾಳೆ ಎಂದು ಕೇಳುತ್ತಿದ್ದೀರಿ. ನನ್ನ ಪ್ರಶ್ನೆ ಬೇರೆ. ಹತ್ತು ವರ್ಷ ಕೂರುತ್ತಿದ್ದ ಕಪಾಟಿನ ನೆತ್ತಿಯನ್ನು ಏಕೆ ಬಿಟ್ಟಳು?

ನವಿಲುಗರಿ ಅವರೇ, ಇವಕ್ಕೆ ಉತ್ತರಿಸಿ. ಈಗ ಅವಳು ಎತ್ತರಕ್ಕೆ ಹಾರುತ್ತಾಳೆಯೇ? ಮೇಜಿಗೆ ನೇರವಾಗಿ ನೆಗೆಯುತ್ತಾಳೆಯೋ, ಕುರ್ಚಿಯ ಮೂಲಕ ಬರುತ್ತಾಳೆಯೋ? ಬೆನ್ನಿನ ಹಿಂಭಾಗದ, ಬಾಲದ ಬುಡದ ಕೂದಲು ಗಂಟುಗಟ್ಟಿದೆಯೇ? ಉಗುರು ನೆಲಕ್ಕೆ ತಾಗಿ ಸದ್ದು ಮಾಡುತ್ತದೆಯೇ? ತೂಕ ಇಳಿದಿದೆಯೇ?

ಕೀಲುನೋವಿರುವ ನಾಯಿ ಕುಂಟುತ್ತದೆ, ನಮಗೆ ಕಾಣುತ್ತದೆ. ಬೆಕ್ಕು ಸಾಮಾನ್ಯವಾಗಿ ಕುಂಟುವುದಿಲ್ಲ. ಹಾರುವುದನ್ನು ಬಿಡುತ್ತದೆ, ಮೈ ನೆಕ್ಕುವುದನ್ನು ಕಡಿಮೆ ಮಾಡುತ್ತದೆ, ಮುಟ್ಟಿದರೆ ಪಂಜ ಬೀಸುತ್ತದೆ. ಮನೆಯವರು ವಯಸ್ಸಾಯಿತು, ಸಿಡುಕು ಬಂತು ಎಂದುಕೊಳ್ಳುತ್ತಾರೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಕ್ಷಕಿರಣ ಚಿತ್ರಗಳನ್ನು ನೋಡಿದಾಗ 90ರಲ್ಲಿ ಕೀಲು ಸವೆತದ ಗುರುತುಗಳಿದ್ದವು. ಹತ್ತು ದಾಟಿದ ಬೆಕ್ಕುಗಳಲ್ಲಿ ಥೈರಾಯ್ಡ್ ಹೆಚ್ಚಾಗುವುದೂ ಸಾಮಾನ್ಯ, ಅದಕ್ಕೆ ರಕ್ತಪರೀಕ್ಷೆ ಬೇಕು.

ಒಂದು ಮಾತು ಎಲ್ಲರಿಗೂ. ನೋವಿದೆಯೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ. ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿಯಿಲ್ಲ, ಒಂದೇ ಮಾತ್ರೆಗೆ ಸಾಯಬಹುದು. ನನ್ನ ಪಾಳಿಯಲ್ಲೇ ನೋಡಿದ್ದೇನೆ. ಕೊಟ್ಟವರು ಪ್ರೀತಿಯಿಂದಲೇ ಕೊಟ್ಟಿದ್ದರು.

ನವಿಲುಗರಿ (ಭಾನುವಾರ, 2:50)

ಡಾಕ್ಟರೇ, ನಿಮ್ಮ ಪ್ರಶ್ನೆಗಳನ್ನು ಓದಿ ಕೈ ತಣ್ಣಗಾಯಿತು. ಕುರ್ಚಿಯ ಮೂಲಕವೇ ಬರುತ್ತಾಳೆ. ಮೊದಲು ಕಾಲುಮಣೆ, ಆಮೇಲೆ ಕುರ್ಚಿ, ಆಮೇಲೆ ನನ್ನ ತೊಡೆ, ಆಮೇಲೆ ಮೇಜು. ಬಾಲದ ಬುಡದಲ್ಲಿ ಕೂದಲು ಗಂಟಾಗಿದೆ, ನಾನು ಬಾಚಲು ಹೋದರೆ ತಿರುಗಿ ಬೀಳುತ್ತಾಳೆ. ಕಪಾಟಿನ ಕೆಳಗೆ ನಿಂತು ಮೇಲೆ ನೋಡಿ, ಹಿಂಗಾಲು ಹೂಡಿ, ಮತ್ತೆ ಸಡಿಲಿಸಿ ನಡೆದುಬಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ನೋಡಿಯೂ ನನಗೆ ಹೊಳೆಯಲಿಲ್ಲ.

ರಾತ್ರಿಪಾಳಿ (ಭಾನುವಾರ, 3:05)

ಯಾರಿಗೂ ಸುಲಭಕ್ಕೆ ಹೊಳೆಯುವುದಿಲ್ಲ. ಅವಳು ಹಿಂಗಾಲು ಹೂಡಿ ಬಿಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ನಿಮ್ಮ ವೈದ್ಯರಿಗೆ ತೋರಿಸಿ. ಆಸ್ಪತ್ರೆಯ ಮೇಜಿನ ಮೇಲೆ ಬೆಕ್ಕು ಏನನ್ನೂ ತೋರಿಸುವುದಿಲ್ಲ.

ಮೂರನೇಮಹಡಿ (ಭಾನುವಾರ, 3:20)

ನನ್ನ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಬಾಗಿಲು ತೆರೆದಿಡಿ.

ಪುಟಾಣಿ (ಸೋಮವಾರ, ಸಂಜೆ 6:40)

ಮಧ್ಯೆ ಒಂದು ಪ್ರಶ್ನೆ. ನನ್ನ ಪುಸ್ತಕಗಳಿಗೆ ಬೆಳ್ಳಿಬಣ್ಣದ ಹುಳು ಹತ್ತಿದೆ. ಕಪಾಟಿನಲ್ಲಿ ನುಸಿಗುಳಿಗೆ ಇಡಬಹುದೇ? ಮನೆಯಲ್ಲಿ ಮೊಲ ಮತ್ತು ಬೆಕ್ಕು ಎರಡೂ ಇವೆ.

ರಾತ್ರಿಪಾಳಿ (ಸೋಮವಾರ, 7:30)

ಖಂಡಿತ ಬೇಡ. ನುಸಿಗುಳಿಗೆಯಲ್ಲಿರುವ ನ್ಯಾಫ್ತಲಿನ್‌ನ ಆವಿಯೂ ಒಳ್ಳೆಯದಲ್ಲ, ನುಂಗಿದರಂತೂ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಬೆಕ್ಕಿಗೆ ಅದು ಉರುಳಿಸಿ ಆಡುವ ಗೋಲಿಯಂತೆ ಕಾಣುತ್ತದೆ. ಕರ್ಪೂರವೂ ಬೇಡ. ಓದುವ ಮೇಜಿನ ಮೇಲೆ ಹೂದಾನಿ ಇಡುವವರಿಗೂ ಒಂದು ಮಾತು: ಲಿಲ್ಲಿ ಹೂವಿನ ಎಸಳು, ಎಲೆ, ಪರಾಗ, ಹೂದಾನಿಯ ನೀರು, ಯಾವುದೂ ಬೆಕ್ಕಿನ ಮೂತ್ರಪಿಂಡಕ್ಕೆ ಆಗದು.

ರಟ್ಟುದಾರ (ಸೋಮವಾರ, 8:10)

ಆ ಹುಳುವಿಗೆ ಬೇಕಾದದ್ದು ತೇವ ಮತ್ತು ಅಂಟಿನಲ್ಲಿರುವ ಪಿಷ್ಟ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ, ಗಾಳಿಯಾಡಲಿ. ಹುಳು ಹತ್ತಿದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲವಾದರೆ ಹಾಳೆಗಳ ಮೇಲೆ ನೀರ ಹನಿ ಕೂರುತ್ತದೆ. ಇನ್ನು ಮೊಲದ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತದೆ, ಕೆಳಗಿನ ಸಾಲನ್ನು ಅದರ ಕಣ್ಣಿಗೆ ಬೀಳದಂತೆ ಮಾಡಿ.

19ನೇ ಶತಮಾನದ ಕಡುಹಸಿರು ಬಟ್ಟೆಯ ರಟ್ಟಿನ ಪುಸ್ತಕ ಯಾರ ಬಳಿಯಾದರೂ ಇದ್ದರೆ, ಆ ಹಸಿರಿನಲ್ಲಿ ಆರ್ಸೆನಿಕ್ ಎಂಬ ವಿಷ ಇರುವ ಸಾಧ್ಯತೆ ಇದೆ. ಅಮೆರಿಕದ ವಿಂಟರ್‌ಥರ್ ಸಂಗ್ರಹಾಲಯ 2019ರಿಂದ ಇಂಥ ಪುಸ್ತಕಗಳನ್ನು ಗುರುತಿಸುತ್ತಿದೆ. ರಟ್ಟು ನೆಕ್ಕುವ ಪ್ರಾಣಿಯಿರುವ ಮನೆಯಲ್ಲಿ ಅದು ಪೆಟ್ಟಿಗೆಯೊಳಗೇ ಇರಲಿ.

ಸಂಜೆಮಲ್ಲಿಗೆ (ಸೋಮವಾರ, 9:55)

ನಾನು ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ನಮ್ಮ ನಾಯಿ ಹೋಗಿ ಮೂರು ವರ್ಷವಾಯಿತು. ಕಳೆದ ವಾರ ಒಂದು ಪುಸ್ತಕವನ್ನು ಮತ್ತೆ ಓದಲು ತೆಗೆದೆ. ಹೊಲಿಗೆಯ ಸಂದಿನಲ್ಲಿ ಒಂದು ಬಿಳಿ ಕೂದಲು, ಬುಡದಲ್ಲಿ ಸ್ವಲ್ಪ ಕಂದು. ಆ ಅಧ್ಯಾಯ ಓದಿದಾಗ ಅವನು ನನ್ನ ಮೊಣಕಾಲಿಗೆ ಒರಗಿದ್ದ ಎಂದು ಲೆಕ್ಕ. ಅದನ್ನು ತೆಗೆಯಲಿಲ್ಲ. ಅದೇ ಜಾಗದಲ್ಲಿ ಪುಸ್ತಕ ಮುಚ್ಚಿಟ್ಟೆ.

ದೊಡ್ಡಕಿವಿ (ಸೋಮವಾರ, 10:03)

ಬರೆದದ್ದಕ್ಕೆ ಧನ್ಯವಾದ ಅಕ್ಕ.

ನವಿಲುಗರಿ (ಮುಂದಿನ ಭಾನುವಾರ, ರಾತ್ರಿ 11:10)

ಎಲ್ಲರಿಗೂ ಸುದ್ದಿ ತಿಳಿಸಬೇಕು. ಚುಕ್ಕಿಯ ಎರಡೂ ಸೊಂಟದ ಕೀಲುಗಳು ಸವೆದಿವೆ. ಥೈರಾಯ್ಡ್ ಸರಿಯಿದೆ, ಮೂತ್ರಪಿಂಡವೂ ಸರಿಯಿದೆ. ವೈದ್ಯರು ಬೆಕ್ಕಿಗೆಂದೇ ಇರುವ ನೋವಿನ ಔಷಧ ಕೊಟ್ಟಿದ್ದಾರೆ, ತಿಂಗಳ ಬಳಿಕ ಮತ್ತೆ ತೋರಿಸಬೇಕು. ಗಂಟುಕಟ್ಟಿದ ಕೂದಲನ್ನು ಅಲ್ಲೇ ಕತ್ತರಿಸಿದರು.

ಮನೆಯವರು ನಿನ್ನೆ ಇಡೀ ದಿನ ಕುಳಿತು ಹಲಗೆಯ ಮೆಟ್ಟಿಲು ಮಾಡಿದರು. ಒಂದೊಂದೂ ಗೇಣೆತ್ತರ, ಮೇಲೆ ಕಾಲು ಜಾರದಂತೆ ಹಳೆಯ ಚಾಪೆಯ ತುಂಡು. ಬಾಗಿಲು ಹಾಕು ಎಂದಿದ್ದವರು ಇವರೇ. ಮೆಟ್ಟಿಲು ಗೋಡೆಗೆ ಸೇರಿಸಲು ಕಪಾಟನ್ನು ಸರಿಸಬೇಕಾಯಿತು. ರಟ್ಟುದಾರ ಅಣ್ಣ, ನೀವು ಹೇಳಿದಂತೆಯೇ ಆಯಿತು. ಕಪಾಟಿನ ಹಿಂಗಾಲಿನ ಬಳಿ, ಧೂಳಿನಲ್ಲಿ, ಉಗುರಿನಷ್ಟು ಅಗಲದ ತ್ರಿಕೋನ ತುಣುಕು. ಒಂದು ಅಂಚಿನಲ್ಲಿ ಚುಕ್ಕಿಯ ಉಗುರು ಚುಚ್ಚಿದ ತೂತು. ಅಪ್ಪನ ಅಕ್ಷರ: "ಇನ್ನೊಮ್ಮೆ ಓದಬೇಕು."

ಒಪ್ಪಲಾರೆ. ಆದರೂ ಇನ್ನೊಮ್ಮೆ ಓದಬೇಕು.

ಚುಕ್ಕಿ ಇವತ್ತು ಮೂರನೇ ಮೆಟ್ಟಿಲವರೆಗೆ ಹತ್ತಿ ಅಲ್ಲೇ ಕುಳಿತಿದ್ದಾಳೆ. ನೆತ್ತಿಗೆ ಇನ್ನೆರಡು ಮೆಟ್ಟಿಲು ಬಾಕಿ. ತುಣುಕು ಲಕೋಟೆಯಲ್ಲಿದೆ. ಮುಂದೇನು ಮಾಡಲಿ?

ರಟ್ಟುದಾರ (ಭಾನುವಾರ, 11:26)

ಓದಿ ಸಂತೋಷವಾಯಿತು ತಂಗಿ. ಮೃದುವಾದ ಕುಂಚದಿಂದ ಧೂಳು ತೆಗೆ, ಅಕ್ಷರದ ಮೇಲೆ ಕುಂಚ ಆಡಿಸಬೇಡ. ಎರಡು ಹೀರುಕಾಗದಗಳ ನಡುವೆ ಇಟ್ಟು ಮೇಲೆ ಭಾರದ ಪುಸ್ತಕ ಹೇರಿ ಎರಡು ದಿನ ಬಿಡು. ಅಂಟಿಸಲು ಗೋಧಿ ಪಿಷ್ಟದ ತೆಳು ಅಂಟು, ಜಪಾನಿ ತೆಳುಕಾಗದದ ಸಣ್ಣ ಪಟ್ಟಿ. ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸದೆ, ನೀರಿನ ಗೆರೆ ಎಳೆದು ಕೈಯಿಂದ ಹರಿ, ಅಂಚಿನ ನಾರು ಹೊರಗೆ ಬಂದು ಹಾಳೆಗೆ ಕಚ್ಚಿಕೊಳ್ಳುತ್ತದೆ. ಬರಹವಿಲ್ಲದ ಹಿಂಬದಿಗೆ ಅಂಟಿಸು. ಮೊದಲು ರದ್ದಿ ಕಾಗದದ ಮೇಲೆ ನಾಲ್ಕು ಸಲ ಅಭ್ಯಾಸ ಮಾಡಿಕೋ.

ಉಗುರಿನ ತೂತನ್ನು ಮುಚ್ಚಬೇಡ. ಅದು ಹಾಗೆಯೇ ಇರಲಿ.

ನವಿಲುಗರಿ (ಭಾನುವಾರ, 11:31)

ಮುಚ್ಚುವುದಿಲ್ಲ ಅಣ್ಣ. ಈಗ ನಾಲ್ಕನೇ ಮೆಟ್ಟಿಲಿಗೆ ಮುಂಗಾಲು ಇಟ್ಟಿದ್ದಾಳೆ.